ಒಂದೇ ಗೆರೆಯ ಪಿನ್ನು

"ಇದಕ್ಕೆ ಒಂದೇ ಗೆರೆ ಉಂಟಲ್ಲ ಆಂಟಿ, ಇದು ಮೋನೋ. ಇಲ್ಲಿ ಯಾರು ಇಟ್ಟದ್ದು?" ಎಂದು ಶ್ರೇಯಾ ಆ ಪಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಾಗ ಝೀಟಾಳಿಗೆ ಮೊದಲು ಸಿಟ್ಟು ಬಂದದ್ದು 'ಆಂಟಿ' ಎಂಬ ಮಾತಿಗೆ. ಮಣಿಪಾಲದ ಆ ಪ್ರಯೋಗಶಾಲೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವರು ಇಬ್ಬರೇ, ಅವಳು ಮತ್ತು ರೂಪೇಶ್. ರೂಪೇಶ್ ಅವಳಿಗಿಂತ ಚಿಕ್ಕವನು, ಸೇರಿದ್ದೂ ಅವಳ ನಂತರ. ಆದರೂ ಸಂಶೋಧನೆಗೆಂದು ಬಂದ ಹುಡುಗಿಯರಿಗೆಲ್ಲ ಅವನು ಸರ್, ಇವಳು ಆಂಟಿ. ಹೋಗಲಿ, ಅಜ್ಜಿ ಅನ್ನಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ ಮೇಲೆ ಆ ಗೆರೆ ಕಣ್ಣಿಗೆ ಬಿತ್ತು. ಹೆಡ್‌ಫೋನಿನ ವೈರಿಗೆ ಜೋಡಿಸುವ, ಕಿರುಬೆರಳಿನಷ್ಟೂ ಉದ್ದವಿಲ್ಲದ ಪಿನ್ನು, ಅದರ ನಡುವೆ ಸುತ್ತಲೂ ಒಂದು ಕಪ್ಪು ಗೆರೆ. ಎರಡಿರಬೇಕಿತ್ತು. ಎರಡಿದ್ದರೆ ಎಡಕಿವಿಯ ಸ್ವರ ಎಡಕ್ಕೆ ಹೋಗುತ್ತದೆ, ಬಲಕಿವಿಯದು ಬಲಕ್ಕೆ. ಒಂದೇ ಇದ್ದರೆ ಎಡದ ಸ್ವರವನ್ನೇ ಎರಡೂ ಕಿವಿಗೆ ಹಂಚಿ ಕೈತೊಳೆದುಕೊಳ್ಳುತ್ತದೆ. ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ ಇದು, ಹೊಸಬರು ಬಂದಾಗ ಅವಳೇ ಹೇಳಿಕೊಡುವ ಪಾಠ. "ಬಿಸಾಡುವ ಡಬ್ಬಿಯದು ಅದು, ಹೇಗೋ ಸೇರಿಕೊಂಡಿರಬೇಕು," ಎಂದಳು. ಹೇಳುತ್ತಿದ್ದ ಹಾಗೆಯೇ ನೆನಪಾಯಿತು. ಅದೇ ಡಬ್ಬಿಯಿಂದ ಇದರ ಜೋಡಿಯನ್ನು ಅವಳು ಮನೆಗೆ ಒಯ್ದಿದ್ದಳು. ಈಗ ಅದು ಇನ್ನಂಜೆಯಲ್ಲಿ, ಮಲಗುವ ಕೋಣೆಯ ಮೇಜಿನ ಮೇಲೆ, ಅವಳ ಗಂಡ ರೇಮಂಡನ ಫೋನಿಗೆ ಸಿಕ್ಕಿಸಿಕೊಂಡಿತ್ತು.

ಅದಕ್ಕೂ ಒಂದು ಗೆರೆಯೋ, ಎರಡೋ? ನೆನಪಿಗೆ ಬರಲಿಲ್ಲ. ಬರಲಿಲ್ಲ ಎನ್ನುವುದೂ ಸುಳ್ಳೇ, ಕಣ್ಣು ಮುಚ್ಚಿದರೆ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದೇ. ಶನಿವಾರವಾದ್ದರಿಂದ ಅರ್ಧ ದಿನದ ಕೆಲಸ. ಕಂಬಳಿ ಹೊದಿಸಿದ ಗೋಡೆಗಳ ಆ ಚಿಕ್ಕ ಕೋಣೆಯಲ್ಲಿ, ತನ್ನ ಉಸಿರು ತನಗೇ ಕೇಳುವಷ್ಟು ಮೌನದಲ್ಲಿ, ಅವಳು ಹೆಡ್‌ಫೋನುಗಳ ಕಿವಿಮೆತ್ತೆಗಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸುತ್ತ ನಿಂತಳು. ಎಡಕಿವಿಗೆ ಒಂದು ಸ್ವರ, ಬಲಕಿವಿಗೆ ಅದಕ್ಕಿಂತ ಚೂರೇ ಚೂರು ಮೇಲಿನ ಇನ್ನೊಂದು. ಹೊರಗಿನ ಗಾಳಿಯಲ್ಲಿ ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಆದರೆ ತಲೆಯೊಳಗೆ ಎಲ್ಲೋ ಅವು ಭೇಟಿಯಾಗಿ ಮೂರನೆಯದೊಂದು ಹುಟ್ಟುತ್ತದೆ, ತೊಟ್ಟಿಲು ತೂಗಿದ ಹಾಗೆ ಒಂದು ಏರಿಳಿತ. ಅದಕ್ಕೇ ಬೈನಾರಲ್ ಬೀಟ್ ಎನ್ನುತ್ತಾರೆ. ಆ ತೂಗಿಗೆ ಮಿದುಳು ತಾಳ ಹಾಕುತ್ತದೆ, ನಿಧಾನವಾಗುತ್ತದೆ, ನಿದ್ದೆಗೆ ಜಾರುತ್ತದೆ ಎಂದು ಕೆಲವರ ವಾದ. ಹಾಗೇನೂ ಇಲ್ಲ ಎಂದು ಉಳಿದವರದು. "ಆಗುತ್ತದೋ ಇಲ್ಲವೋ ನೋಡಲಿಕ್ಕೇ ಅಲ್ವಾ ನಾವು ಸಂಬಳ ತೆಗೆದುಕೊಳ್ಳುವುದು," ಎಂದು ಪ್ರೊಫೆಸರು ನಗುತ್ತಿದ್ದರು. ಝೀಟಾಳಿಗೆ ಮಾತ್ರ ನೋಡುವಷ್ಟು ತಾಳ್ಮೆ ಇರಲಿಲ್ಲ. ಮನೆಯಲ್ಲಿ ಒಬ್ಬ ಮನುಷ್ಯ ನಿದ್ದೆಯಿಲ್ಲದೆ ಒಣಗುತ್ತಿದ್ದ.

ರೇಮಂಡ್ ಕುವೈತಿನ ಬಂದರಿನಲ್ಲಿ, ಹಡಗುಗಳನ್ನು ಎಳೆಯುವ ಟಗ್ ಬೋಟಿನ ಎಂಜಿನ್ ಕೋಣೆಯಲ್ಲಿ ದುಡಿದವನು. ಮದುವೆಯಾದ ವರ್ಷ ಹೋದದ್ದು, ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುತ್ತ ಅಲ್ಲಿಯೇ ತಲೆ ನೆರೆಯಿತು. ಕಳೆದ ಕ್ರಿಸ್ಮಸ್ಸಿಗೆ ಮುಂಚೆ, ಇನ್ನು ಸಾಕು ಎಂದು ಪೂರ್ತಿಯಾಗಿ ಬಂದುಬಿಟ್ಟ. ಬಂದ ಮೊದಲ ವಾರದಲ್ಲೇ ತಿಳಿಯಿತು, ಎಂಜಿನ್ನಿನ ಸದ್ದು ಅಡಿಯಲ್ಲಿಲ್ಲದ ಹಾಸಿಗೆಯಲ್ಲಿ ಅವನಿಗೆ ನಿದ್ದೆ ಬರುವುದಿಲ್ಲ. ಇನ್ನಂಜೆಯ ಗದ್ದೆಗಳ ಮೌನ ಅವನ ಕಿವಿಯೊಳಗೆ ಹೊಕ್ಕು ಶಿಳ್ಳೆ ಹಾಕುತ್ತಿತ್ತು. ಬೆಳಗ್ಗೆ ಅವಳು ಬಸ್ಸಿಗೆ ಹೊರಡುವಾಗ ಜಗಲಿಯಲ್ಲಿ ಕೆಂಪು ಕಣ್ಣು ಮಾಡಿಕೊಂಡು ಕೂತಿರುತ್ತಿದ್ದ. "ನಿನ್ನ ಮನೆಯಲ್ಲಿ ಎಂತ ಸದ್ದೇ ಇಲ್ಲ ಮಾರಾಯ್ತಿ," ಎನ್ನುತ್ತಿದ್ದ. ನಿನ್ನ ಮನೆ! ಅವನ ದುಡಿಮೆಯಲ್ಲಿ ಕಟ್ಟಿದ ಮನೆ, ಅದರಲ್ಲಿ ಅವನು ನೆಂಟ. ಕೊನೆಗೆ ಅವಳು ಪ್ರಯೋಗದ ಸ್ವರಗಳನ್ನು ಅವನ ಹಳೆಯ ಫೋನಿಗೆ ಹಾಕಿ, ಕಿವಿಮೆತ್ತೆ ಹರಿದು ಮೂಲೆ ಸೇರಿದ್ದ ಒಂದು ಹೆಡ್‌ಫೋನನ್ನು ಕೇಳಿ ತಂದಳು. ಅದರ ದಪ್ಪ ಪಿನ್ನು ಫೋನಿಗೆ ಕೂರದೆ, ಬಿಸಾಡುವ ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಜೋಡಿಸಿದಳು. ಒಳ್ಳೆಯದಿದೆ, ಹೊಸತು ಯಾಕೆ ಕೊಳ್ಳಬೇಕು? ಹರಿದ ಚೀಲ, ಕಿವಿ ಮುರಿದ ಬಾಣಲೆ, ಏನನ್ನೂ ಬಿಸಾಡದ ಕೈ ಅವಳದು. ಒಮ್ಮೆ ತಾನೇ ಕಿವಿಗೆ ಹಾಕಿ ಪರೀಕ್ಷೆಯನ್ನೂ ಮಾಡಿದ್ದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಅದರ ಗಾಳಿಯ ಬಡಿತಕ್ಕೆ ಸ್ವರ ತೂಗಿದಂತೆ ಕೇಳಿತು. ಸರಿಯಾಗಿದೆ ಎಂದುಕೊಂಡಳು.

ಆದರೂ ಅವನು ಮಲಗಿದ! ಅದೇ ಈಗ ದೊಡ್ಡ ತಲೆನೋವು. ಪ್ರಯೋಗಶಾಲೆಯ ನಿಯಮದಂತೆ ಅವಳು ಹಾಸಿಗೆಯ ಪಕ್ಕ ಸ್ಟೂಲು ಹಾಕಿ, ಅವನ ಉಸಿರಾಟ ನೋಡುತ್ತ ಕೂರುತ್ತಿದ್ದಳು. ಹೆಂಡತಿಯಾಗಿ ಅಷ್ಟು ಹೊತ್ತು ಅವನ ಮುಖ ನೋಡಿದ್ದಿಲ್ಲ, ಯಂತ್ರದವಳಾಗಿ ನೋಡಿದಳು. ರೆಪ್ಪೆ ಅದುರುವುದು ನಿಲ್ಲುತ್ತಿತ್ತು, ಬಾಯಿ ತುಸು ತೆರೆಯುತ್ತಿತ್ತು, ಎದೆ ಏರಿ ಇಳಿದು ಏರಿ, ಆಮೇಲೆ ಬೆಳಗ್ಗೆಯೇ. ವಾರಗಳಿಂದ ಹೀಗೆ ನಡೆದಿತ್ತು. ಅವನ ಮುಖಕ್ಕೆ ಬಣ್ಣ ಮರಳಿತ್ತು. ಹಿತ್ತಲಲ್ಲಿ ಬಸಳೆಗೆ ಚಪ್ಪರ ಹಾಕಿದ್ದ.

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿನ ಎಕ್ಸ್‌ಪ್ರೆಸ್ ಹತ್ತಿದಳು. ಡ್ರೈವರನಿಗೆ ಹಾರ್ನೂ ಬೇಕು, ಹಾಡೂ ಬೇಕು, ಎರಡೂ ಒಟ್ಟಿಗೆ ಬೇಕು. ಈ ಸದ್ದಿಗೆ ಮಿದುಳು ಏನು ಮಾಡುತ್ತದೋ ಯಾರೂ ಸಂಶೋಧನೆ ಮಾಡಿಲ್ಲ ಎಂದುಕೊಂಡು ಕಿಟಕಿಗೆ ತಲೆಯಾನಿಸಿದಳು. ಹೇಳಬೇಕೋ, ಬೇಡವೋ. ಹೊಸ ಪಿನ್ನು ತಂದು ಸದ್ದಿಲ್ಲದೆ ಬದಲಿಸಿಬಿಟ್ಟರೆ? ಆದರೆ ಆಗ ಕೇಳುವುದು ಬೇರೆಯೇ ಸ್ವರ, ಅವನಿಗೆ ಗೊತ್ತಾಗದೆ ಇರುತ್ತದೆಯೇ, ಇವತ್ತೇನು ಇದು ಬೇರೆ ಥರ ತೂಗುತ್ತಿದೆ ಎಂದು ಕೇಳುವುದಿಲ್ಲವೇ? ಇದ್ದದ್ದನ್ನು ಹಾಗೆಯೇ ಬಿಟ್ಟರೆ? ಅಕ್ಕಪಕ್ಕದವರಿಗೆಲ್ಲ ಅವನು ವಿಜ್ಞಾನ ಹೇಳಿಯಾಗಿದೆ. ಮೊನ್ನೆ ಪಕ್ಕದ ಮನೆಯ ಅಲೋಶಿಯಸ್ ಬೇಲಿಯಾಚೆ ನಿಂತಿದ್ದಾಗ, "ಎರಡು ಕಿವಿಯಲ್ಲಿ ಎರಡು ಬೇರೆ ಬೇರೆ ಫ್ರೀಕ್ವೆನ್ಸಿ, ಗೊತ್ತುಂಟಾ? ಬೀಟ್ ಇರುವುದು ತಲೆಯ ಒಳಗೆ. ನನ್ನ ಹೆಂಡತಿಯ ಲ್ಯಾಬಿನದ್ದು," ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ನನ್ನ ಹೆಂಡತಿಯ ಲ್ಯಾಬು. ಇಷ್ಟು ವರ್ಷಗಳಲ್ಲಿ ಅವಳ ಕೆಲಸದ ಬಗ್ಗೆ ಅವನು ಹೆಮ್ಮೆಪಟ್ಟದ್ದನ್ನು ಅವಳು ಕೇಳಿದ್ದು ಅದೇ ಮೊದಲು, ಅದೂ ಅಡುಗೆಮನೆಯ ಕಿಟಕಿಯ ಹಿಂದೆ ನಿಂತು. ಆ ಹೆಮ್ಮೆಯ ಬುಡದಲ್ಲಿ ಬಿಸಾಡುವ ಡಬ್ಬಿಯ ಪಿನ್ನು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ನಾಚಿಕೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಕಟಪಾಡಿ ದಾಟುವಾಗ ಕ್ರಿಸ್ಮಸ್ ರಾತ್ರಿಯ ಪೂಜೆ ನೆನಪಾಯಿತು. ನೆನಪಾಗುವುದೇನು, ಅದು ಅಲ್ಲಿಯೇ ಕೂತಿರುತ್ತದೆ, ಹತ್ತಿರ ಹೋದಾಗಲೆಲ್ಲ ಮೈಗೆ ತಾಗುತ್ತದೆ. ಕಾರ್ಕಳದ ತವರಿನಲ್ಲಿ ಅಪ್ಪ ಹಾರ್ಮೋನಿಯಂ ಮುಂದೆ ಕೂರಿಸಿ ಕಲಿಸಿದ ಕಿವಿ ಅವಳದು, ಸ್ವರ ಕೂದಲೆಳೆಯಷ್ಟು ಜಾರಿದರೂ ಹಲ್ಲು ಚುಳ್ಳೆನ್ನುತ್ತದೆ. ಅವಳು ಚರ್ಚಿನ ಗಾಯನ ಮಂಡಳಿಯಲ್ಲಿ ಹಾಡುವವಳು. ಎಷ್ಟೋ ವರ್ಷಗಳ ನಂತರ ಊರಿನ ಕ್ರಿಸ್ಮಸ್ಸಿಗಿದ್ದ ರೇಮಂಡ್, ಹೊಸ ಅಂಗಿ ತೊಟ್ಟು, ಮಂಡಳಿ ನಿಲ್ಲುವ ಅಟ್ಟಕ್ಕೆ ಮೆಟ್ಟಿಲು ಹತ್ತಿ ಬಂದು ಅವಳ ಪಕ್ಕದಲ್ಲೇ ನಿಂತು ದೊಡ್ಡ ದನಿಯಲ್ಲಿ ಹಾಡಿದ. ಸ್ವರಕ್ಕಿಂತ ಒಂದು ಚೂರು ಕೆಳಗೆ, ಪೂರ್ತಿ ಹೊರಗೂ ಅಲ್ಲ, ಒಳಗೂ ಅಲ್ಲ. ಮಂಡಳಿ ನಡೆಸುವ ಹುಡುಗ ಜೋವಿನ್ ಕೀಬೋರ್ಡಿನ ಮೇಲಿಂದ ತಲೆಯೆತ್ತಿ ಅವಳನ್ನು ನೋಡಿದ. ಅಷ್ಟೇ. ಅವಳು ರೇಮಂಡನ ತೋಳನ್ನು ಚಿವುಟಿ, "ಬಾಯಿ ಆಡಿಸಿದರೆ ಸಾಕು," ಎಂದುಬಿಟ್ಟಳು. ಅವನು ಹಾಗೆಯೇ ಮಾಡಿದ. ಆವತ್ತು ಮಾತ್ರವಲ್ಲ. ಈಗಲೂ ಸಂಜೆ ಮನೆಯಲ್ಲಿ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಮುಗಿಸಿ ಮಾತೆಗೆ ಹಾಡುವ ಹಾಡಿನ ಹೊತ್ತಿಗೆ ಅವನ ತುಟಿ ಆಡುತ್ತದೆ, ದನಿ ಬರುವುದಿಲ್ಲ. ಅವಳೊಬ್ಬಳೇ ಹಾಡುತ್ತಾಳೆ, ಸರಿಯಾದ ಸ್ವರದಲ್ಲಿ. ಅದು ಅವಳಿಗೆ ಎಷ್ಟು ಒಂಟಿಯಾಗಿ ಕೇಳುತ್ತದೆ ಎಂದು ಯಾರಿಗೆ ಹೇಳುವುದು? ಹಾಡು ಎಂದು ಹೇಳಲು ಬಾಯಿ ಬಂದಿಲ್ಲ. ಹೇಳಿದರೆ ಚಿವುಟಿದ್ದನ್ನು ಮತ್ತೆ ಎತ್ತಿದ ಹಾಗೆ.

ಇವತ್ತೇ ಇದೆಲ್ಲ ಆಗಬೇಕಿತ್ತೇ? ನಾಲ್ಕು ಗಂಟೆಗೆ ಉಡುಪಿಯ ಏಜೆಂಟ್ ಸಿರಿಲ್ ಫೋನ್ ಮಾಡುವವನಿದ್ದ. ಕುವೈತಿನ ಕಂಪೆನಿಗೆ ಹಳೆಯ ಕೈ ಬೇಕಂತೆ, ಬರುವುದಾದರೆ ಅದೇ ಟಗ್, ಅದೇ ಕೋಣೆ. ನಿದ್ದೆಯಿಲ್ಲದ ದಿನಗಳಲ್ಲಿ ರೇಮಂಡನೇ ಅವನನ್ನು ಕೇಳಿಟ್ಟಿದ್ದ. "ಅಲ್ಲಿಯಾದರೂ ನಿದ್ದೆ ಉಂಟು ಝೀಟಾ," ಎಂದಿದ್ದ, ಸಿಟ್ಟಿನಿಂದಲ್ಲ, ಸೋತು. ನಿದ್ದೆ ಮರಳಿದ ಮೇಲೆ ಆ ಮಾತು ತೆಗೆದಿರಲಿಲ್ಲ. ಶನಿವಾರ ಹೇಳುತ್ತೇನೆ ಎಂದು ಸಿರಿಲ್‌ನಿಗೆ ಹೇಳಿದ್ದನಷ್ಟೆ. ಇಲ್ಲ ಎನ್ನುತ್ತಾನೆ ಎಂದು ಅವಳು ನಂಬಿದ್ದಳು, ಬಸಳೆಗೆ ಚಪ್ಪರ ಹಾಕಿದವನು ಹೋಗುತ್ತಾನೆಯೇ? ಈಗ ಹೋಗಿ, ನಿನಗೆ ಕೇಳಿಸಿದ್ದೆಲ್ಲ ಬರಿಯ ಒಂದು ಗುಂಯ್ ಎಂದರೆ? ನಂಬಿಕೆಯ ಮೇಲೆ ನಿಂತ ನಿದ್ದೆ ಅದು, ನಂಬಿಕೆ ಹೋದರೆ ನಿದ್ದೆಯೂ ಹೋಗುತ್ತದೆ, ನಿದ್ದೆ ಹೋದರೆ ಅವನೂ. ಹೇಳದಿರುವುದೇ ಬುದ್ಧಿವಂತಿಕೆ. ಆದರೆ ನಾಲ್ಕು ಗಂಟೆಗೆ ಅವನು ಕೆಲಸ ಬೇಡವೆಂದು, ಆಮೇಲೊಂದು ದಿನ ಆ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ? ಎಂಜಿನ್ನಿನವನು, ವೈರು ಪಿನ್ನು ಗೊತ್ತಿಲ್ಲದವನಲ್ಲ. ಅವಳು ಕಾಪುವಿನಲ್ಲಿ ಇಳಿದು, ಶಿರ್ವದ ಬಸ್ಸಿಗೆ ಕಾಯದೆ ರಿಕ್ಷಾ ಹಿಡಿದಳು. ಮನೆ ಬರುವವರೆಗೂ ಹೇಳಬಾರದೆಂದೇ ಇದ್ದಳು.

ರೇಮಂಡ್ ಬಂಗುಡೆ ಸಾರು ಮಾಡಿಟ್ಟಿದ್ದ. ಟಗ್‌ನಲ್ಲಿ ಕಲಿತ ಅಡುಗೆ, ಹುಳಿ ಕೈಯಳತೆ ಮೀರಿದ್ದು. ಬಡಿಸುತ್ತ, "ಮುಖ ಯಾಕೆ ಹೀಗೆ? ಲ್ಯಾಬಿನಲ್ಲಿ ಎಂತದಾದರೂ ಆಯಿತಾ?" ಎಂದು ಕೇಳಿದ. ಇಲ್ಲ ಎಂದಳು. ಅವನು ಇನ್ನೊಂದು ಬಂಗುಡೆ ಅವಳ ತಟ್ಟೆಗೆ ಹಾಕಿ, ಮುಳ್ಳು ನೋಡಿಕೋ ಎಂದ. ಅವಳು ತಲೆ ತಗ್ಗಿಸಿ ಮುಳ್ಳು ಬಿಡಿಸತೊಡಗಿದಳು. ಊಟವಾಗಿ ಅವನು ಎಂದಿನ ಶನಿವಾರದಂತೆ ಮಧ್ಯಾಹ್ನದ ನಿದ್ದೆಗೆಂದು ಮಂಚದ ಮೇಲೆ ಒರಗಿ, ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು, "ಬಾ ಡಾಕ್ಟ್ರೇ, ನಿನ್ನ ಸ್ಟೂಲಿಗೆ," ಎಂದು ಚೇಷ್ಟೆ ಮಾಡಿದ. ಅವಳು ಸ್ಟೂಲಿನಲ್ಲಿ ಕೂತಳು. ಮೇಜಿನ ಮೇಲಿನ ಫೋನಿನಲ್ಲಿ ಪಿನ್ನು. ಕೈಚಾಚಿ ಅದನ್ನು ಕಿತ್ತಳು.

"ಇದಕ್ಕೆ ಒಂದೇ ಗೆರೆ."

"ಹಾಂ?"

"ಎರಡು ಬೇಕಿತ್ತು ರೇಮಂಡ್. ಇದು ಎರಡೂ ಕಿವಿಗೆ ಒಂದೇ ಸ್ವರ ಕೊಡುವಂಥದ್ದು. ಬೀಟೂ ಇಲ್ಲ, ಎಂತದೂ ಇಲ್ಲ. ನೀನು ಇಷ್ಟು ದಿನ ಕೇಳಿದ್ದು ಬರೀ ಗುಂಯ್. ನನ್ನ ತಪ್ಪು. ಬಿಸಾಡುವ ಡಬ್ಬಿಯಿಂದ ತಂದೆ, ನೋಡಲಿಲ್ಲ." ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅವನು ಪಿನ್ನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಅವನ ಮುಖದಲ್ಲಿ ಏನೋ ಕುಸಿಯಿತು, ಅವಳು ಅದನ್ನು ನೋಡಿದಳು, ಅಲೋಶಿಯಸ್‌ನ ಬೇಲಿ ಅವನ ಕಣ್ಣ ಮುಂದೆಯೂ ಬಂದಿರಬೇಕು. "ನನಗೆ ತೂಗುವುದು ಕೇಳ್ತಾ ಇತ್ತಲ್ಲ," ಎಂದ. ಆಮೇಲೆ ತಲೆಯೆತ್ತಿ ಫ್ಯಾನನ್ನು ನೋಡಿದ. ಎಂಜಿನ್ನಿನ ಮನುಷ್ಯನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹಾಗಾದರೆ ನಾನು ಮಲಗಿದ್ದು ಹೇಗೆ?"

"ನನಗೆ ಗೊತ್ತಿಲ್ಲ."

"ಲ್ಯಾಬಿನವಳು ಅಲ್ವಾ ನೀನು?"

"ಲ್ಯಾಬಿನವರಿಗೂ ಗೊತ್ತಿಲ್ಲ."

ಅವನಿಗೆ ನಗು ಬಂತು. ನಕ್ಕದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಅವಳು ಸೀರೆಯ ಸೆರಗಿನ ತುದಿ ಸುತ್ತುತ್ತ ಕೂತಳು. ಅವನು ಗೋಡೆಗೆ ಒರಗಿ, ಯಾರಿಗೋ ಹೇಳುವಂತೆ ಹೇಳಿದ: "ಟಗ್‌ನಲ್ಲಿ ನಾನು ಮಲಗುವಾಗ ಕಿಟ್ಟ ಎದ್ದಿರ್ತಿದ್ದ, ನಮ್ಮ ಮಲ್ಪೆಯವನು. ಕಿಟ್ಟ ಮಲಗಿದಾಗ ನಾನು. ಎಂಜಿನ್ ಹತ್ತಿರ ಯಾರಾದರೂ ಒಬ್ಬ ಯಾವಾಗಲೂ ಎಚ್ಚರ, ಅದಕ್ಕೇ ವಾಚ್ ಅಂತ ಹೇಳುವುದು. ಇಲ್ಲಿ ನೀನು ದೀಪ ಆರಿಸಿ ಮಲಗಿದ ಕೂಡಲೇ ನನಗೆ, ಈಗ ವಾಚ್ ಯಾರದ್ದು ಅಂತ ಆಗ್ತಿತ್ತು. ಆಮೇಲೆ ನೀನು ಈ ಸ್ಟೂಲಿನಲ್ಲಿ ಕೂರಲಿಕ್ಕೆ ಶುರು ಮಾಡಿದಿ. ಅದೇ ಇರಬಹುದು. ಇರಲಿಕ್ಕಿಲ್ಲ. ಎಂತ ಗೊತ್ತು." ಆಮೇಲೆ ಅವಳನ್ನು ಸರಿಯಾಗಿ ನೋಡಿ ಕೇಳಿದ: "ಅಲ್ಲ ಝೀಟಾ, ನೀನು ಯಾವಾಗ ಮಲಗುವುದು?"

ಅವನು ಇಲ್ಲದ ವರ್ಷಗಳಲ್ಲಿ ಅವಳು ನಡುಕೋಣೆಯ ದೀಪ ಉರಿಸಿಟ್ಟು, ಒಂದು ಕಿವಿ ಬಾಗಿಲಿಗೆ ಕೊಟ್ಟು ಮಲಗಿದವಳು. ಅದನ್ನು ನಿದ್ದೆ ಎಂದು ಕರೆದು ಅಭ್ಯಾಸವಾಗಿತ್ತು. ಅವಳ ಕಣ್ಣು ತುಂಬಿದ್ದನ್ನು ಕಂಡು ಅವನು ಗಡಿಬಿಡಿಯಲ್ಲಿ ಎದ್ದ. "ಬಾ, ಬಾ, ನೀನು ಮಲಗು. ಈ ಮಧ್ಯಾಹ್ನ ನನ್ನ ವಾಚ್." ಅವಳು ಬೇಡ ಎಂದಳು, ಪಾತ್ರೆ ತೊಳೆಯಲಿಕ್ಕುಂಟು ಎಂದಳು. ಅವನು ಕೇಳಲಿಲ್ಲ. ಅವಳನ್ನು ಮಂಚದ ಮೇಲೆ ಮಲಗಿಸಿ, ಪಿನ್ನನ್ನು ಮತ್ತೆ ಸಿಕ್ಕಿಸಿ, ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದ. ಹಾಕುವಾಗ ಅವಳ ಕಿವಿಯೋಲೆಗೆ ತಾಗದಂತೆ ಬೆರಳಿನಲ್ಲಿ ಕೂದಲು ಸರಿಸಿದ. ಹಾಗೆ ಸರಿಸುವುದು ಅವನಿಗೆ ಯಾವಾಗ ಗೊತ್ತಾಯಿತು? ಸಿರಿಲ್‌ನ ಫೋನು ಎಂದು ಅವಳು ಹೇಳಬೇಕೆಂದಿದ್ದಳು, ಹೇಳಲಿಲ್ಲ. ಅವನು ಸ್ಟೂಲಿನಲ್ಲಿ ಕೂತ.

ಗುಂಯ್ ಎಂದು ಸ್ವರ ಶುರುವಾಯಿತು. ಫ್ಯಾನಿನ ಬಡಿತಕ್ಕೆ ಅದು ತೂಗುತ್ತಿತ್ತು, ಅಂದು ಮೋಸಹೋದ ಹಾಗೆಯೇ. ಅಷ್ಟರಲ್ಲಿ ಕರೆಂಟು ಹೋಯಿತು. ಶನಿವಾರ ಮಧ್ಯಾಹ್ನ ಕರೆಂಟು ಹೋಗುವುದು ಇನ್ನಂಜೆಯಲ್ಲಿ ಹೊಸತಲ್ಲ. ಫ್ಯಾನು ನಿಧಾನವಾಗುತ್ತ ನಿಂತಿತು, ಸ್ವರದ ತೂಗೂ ನಿಂತಿತು. ಉಳಿದದ್ದು ಬೋಳಾದ ಒಂದೇ ಸ್ವರ, ಎರಡೂ ಕಿವಿಯಲ್ಲಿ ಒಂದೇ, ಏರದೆ ಇಳಿಯದೆ ಎಳೆದ ಗೆರೆಯ ಹಾಗೆ. ಇಷ್ಟೇ ನೋಡು ನಿನ್ನ ವಿಜ್ಞಾನ ಎಂದು ಅವಳು ಕಣ್ಣು ಮುಚ್ಚಿದಳು. ಸ್ವರ ಸರಿಯಾಗಿತ್ತು, ಕಾರ್ಕಳದ ಅಪ್ಪನೂ ಒಪ್ಪುವಷ್ಟು ಸರಿ. ಸಂಜೆಯ ಹಾಡಿನಲ್ಲಿ ತನ್ನ ದನಿ ಒಂಟಿಯಾಗಿ ಕೇಳುವುದೂ ಹೀಗೆಯೇ ಎಂದು ಹೊಳೆಯಿತು.

ಎಷ್ಟು ಹೊತ್ತಾಯಿತೋ. ಗೆರೆ ಅಲುಗಿತು. ಮೊದಲು ಸಂಶಯ ಬಂತು, ಫ್ಯಾನು ತಿರುಗಿತೇ ಎಂದು, ಆದರೆ ಮುಖಕ್ಕೆ ಗಾಳಿಯಿಲ್ಲ. ಸ್ವರ ಉಬ್ಬಿ ತಗ್ಗಿತು, ಮತ್ತೆ ಉಬ್ಬಿತು. ತೊಟ್ಟಿಲು ಯಾರೋ ಕಾಲಿನಿಂದ ತೂಗುತ್ತಿರುವ ಹಾಗೆ. ಹರಿದ ಕಿವಿಮೆತ್ತೆಯ ಸಂದಿಯಿಂದ ಇನ್ನೊಂದು ಸ್ವರ ಒಳಗೆ ಬರುತ್ತಿತ್ತು, ದಪ್ಪ, ಮೂಗಿನೊಳಗಿಂದ ಬಂದದ್ದು, ಇದಕ್ಕಿಂತ ಒಂದು ಚೂರು ಕೆಳಗೆ. ಪೂರ್ತಿ ಹೊರಗೂ ಅಲ್ಲ, ಒಳಗೂ ಅಲ್ಲ. ರೇಮಂಡ್ ಗುನುಗುತ್ತಿದ್ದ. ವಾಚ್‌ನಲ್ಲಿ ಎಂಜಿನ್ನಿನ ಜೊತೆ ಗುನುಗಿ ಎಚ್ಚರವಾಗಿರುತ್ತಿದ್ದವನು, ವಾರಗಟ್ಟಲೆ ಕೇಳಿ ಬಾಯಿಪಾಠವಾದ ಆ ಗುಂಯ್‌ಗೆ ಈಗ ತನ್ನ ಗುಂಯ್ ಕೂಡಿಸುತ್ತಿದ್ದ, ಅವಳ ಕಿವಿ ಮುಚ್ಚಿದೆ, ಕೇಳುವುದಿಲ್ಲ ಎಂಬ ಧೈರ್ಯದಲ್ಲಿ. ಝೀಟಾಳ ಹಲ್ಲು ಚುಳ್ಳೆನ್ನಲಿಲ್ಲ. ಅವನ ಸ್ವರ ಸರಿಯಾಗಿದ್ದರೆ ಈ ತೂಗು ಇರುತ್ತಿರಲಿಲ್ಲವಲ್ಲ! ಅವನು ಆ ಒಂದು ಚೂರು ತಪ್ಪಿದ್ದರಿಂದಲೇ ಅಲ್ಲವೇ? ಇಷ್ಟು ವರ್ಷ ಯಂತ್ರದ ಮುಂದೆ ಕೂತು ಅವಳು ಇತರರಿಗೆ ಕೇಳಿಸಿದ್ದು ಇದನ್ನೇ, ಚಿವುಟಿ ನಿಲ್ಲಿಸಿದ್ದೂ ಇದನ್ನೇ. ಸಂತೋಷದಿಂದ ಅವಳಿಗೆ ಎದ್ದು ಕೂರಬೇಕೆನಿಸಿತು. ಎದ್ದರೆ ಅವನು ನಿಲ್ಲಿಸಿಬಿಡುತ್ತಾನೆ ಎಂದು ಅಲುಗದೆ, ಕಣ್ಣು ತೆರೆಯದೆ, ಮಲಗಿದವಳ ಉಸಿರು ಹೇಗಿರುತ್ತದೆ ಎಂದು ನೆನಪಿಸಿಕೊಂಡು ಹಾಗೆಯೇ ಉಸಿರಾಡಿದಳು.

ಮೇಜಿನ ಮೇಲೆ ಫೋನು ಗರಗರ ಎಂದಿತು. ಕಿವಿಯೊಳಗಿನ ಸ್ವರ ತಟ್ಟನೆ ಕಡಿದು ಆ ಜಾಗದಲ್ಲಿ ಕರೆಯ ಗಂಟೆ ಬಡಿಯತೊಡಗಿತು. ನಾಲ್ಕು ಗಂಟೆ, ಸಿರಿಲ್. ಗುನುಗುವುದು ನಿಂತಿತು. ಸ್ಟೂಲು ಕಿರ್ ಎಂದಿತು, ಅವನು ಬಗ್ಗಿದ್ದು ತಿಳಿಯಿತು. ಎತ್ತಿಕೊಂಡು ಜಗಲಿಗೆ ಹೋಗುತ್ತಾನೆ, ಪಿನ್ನು ಕಿತ್ತುಕೊಂಡು ಹೋಗುತ್ತಾನೆ. ಅವಳು ಮಲಗಿದವಳ ಉಸಿರನ್ನು ಮರೆತು ಉಸಿರು ಹಿಡಿದಳು. ಗಂಟೆ ಇನ್ನೊಮ್ಮೆ ಬಡಿಯಿತು. ಅರ್ಧಕ್ಕೆ ಕಡಿಯಿತು, ಅವನು ಕರೆಯನ್ನು ಎತ್ತದೆ ಕತ್ತರಿಸಿದ್ದ.

"ಇಲ್ಲಿ ಒಬ್ಬಳು ಮಲಗಿದ್ದಾಳೆ ಮಾರಾಯ," ಎಂದು ಅವನು ಫೋನಿಗೆ ಮೆಲ್ಲನೆ ಗದರಿದ್ದು ಸಂದಿಯಿಂದ ಕೇಳಿತು. "ಎಲ್ಲಿಗೆ ಬರುವುದು ನಾನು?"

ಗುಂಯ್ ಎಂದು ಸ್ವರ ಮರಳಿತು, ನೆಟ್ಟಗೆ, ಒಂಟಿಯಾಗಿ. ಅವಳು ಕಾದಳು. ಸ್ಟೂಲು ಮತ್ತೆ ಕಿರ್ ಎಂದಿತು. ಗಂಟಲು ಸರಿಮಾಡಿಕೊಂಡ ಸದ್ದಾಯಿತು, ಆಮೇಲೆ ಅವನ ಸ್ವರ ಬಂತು, ಅದೇ ಒಂದು ಚೂರು ಕೆಳಗೆ, ಮತ್ತೆ ಎಲ್ಲವೂ ತೂಗತೊಡಗಿತು. ಸಂಜೆ ತೇರ್ಸ್‌ನ ಹೊತ್ತಿಗೆ ಹೇಳಬೇಕು, ಬಾಯಿ ಆಡಿಸಿದರೆ ಸಾಲದು ಎಂದು, ಎಂದುಕೊಳ್ಳುತ್ತಿದ್ದ ಹಾಗೆ ಝೀಟಾಳಿಗೆ ನಿಜವಾಗಿಯೂ ನಿದ್ದೆ ಬಂತು.